ಸುಣ್ಣದ ಕಾಲಿನ ಎಮ್ಮೆ

ಗಡಹಿಂಗ್ಲಜದ ದನದ ಬಾಜಾರದಲ್ಲಿ ನನ್ನ ನೆರೆಮನೆಯ ಭೀಮಗೊಂಡರಂಥ ದಲಾಲರು ಬೇರೊಬ್ಬರಿರಲಿಲ್ಲ. ಮುದಿ ಎಮ್ಮೆಯ ಕೋಡು ಹೆರೆದು ಎಣ್ಣೆ ಸವರಿದ್ದರೂ, ಬಿಳಿ ಮಚ್ಚೆಗೆ ಮಸಿ ಬಳಿದಿದ್ದರೂ ದೂರದಿಂದಲೇ ಹಿಡಿದುಬಿಡುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಕುಳಿತರೂ ಎದುರಿನವರ ಹಲ್ಲು ನೋಡಿ ವಯಸ್ಸು ಹೇಳುತ್ತಾರೆಂಬುದು ಅವರ ಹೆಂಡತಿ ಬಾಳವ್ವನ ದೂರು.

೧೯೬೨ರ ಚಳಿಗಾಲದಲ್ಲಿ ನಾವು ಶಿಕ್ಷಕರೆಲ್ಲ ಕೊಂಕಣದ ಘಟ್ಟದಂಚಿನ ದಾಜೀಪುರ ಅಭಯಾರಣ್ಯಕ್ಕೆ ಕಾಡುಕೋಣ ನೋಡಲು ಹೊರಟೆವು. ಬಸ್ಸಿನಲ್ಲಿ ಒಂದು ಜಾಗ ಉಳಿದಿತ್ತು. ಭೀಮಗೊಂಡರನ್ನೂ ಕರೆದೆ.

“ದನದಾಗ ನಾ ನೋಡದ್ದು ಏನೈತ್ರೀ ಮಾಸ್ತರ?” ಎನ್ನುತ್ತಲೇ ಅವರು ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ಹಳ್ಳದಾಚೆ ಪೊದೆ ಅಲುಗಿತು. ಕರೀ ಬಂಡೆಯಂಥ ಪ್ರಾಣಿಯೊಂದು ಹೊರಬಂದಿತು. ಅದರ ನಾಲ್ಕೂ ಕಾಲು, ಕಾಲುಚೀಲ ಹಾಕಿದಂತೆ, ಮೊಣಕಾಲಿನ ಕೆಳಗೆ ಬೆಳ್ಳಗಿದ್ದವು.

“ಗವಾ ಆಹೇ, ಗವಾ!” ಎಂದು ಕಾಡಿನ ಕಾವಲುಗಾರ ನಾಮದೇವ ಪಿಸುಗುಟ್ಟಿದ. ಮರಾಠಿಯಲ್ಲಿ ಗವಾ ಎಂದರೆ ಕಾಡುಕೋಣ.

ಭೀಮಗೊಂಡರು ನಕ್ಕುಬಿಟ್ಟರು. “ಎಮ್ಮಿರೀ ಮಾಸ್ತರ, ಎಮ್ಮಿ! ಕಾಲಿಗೆ ಸುಣ್ಣ ಬಳದು ಬಿಟ್ಟಾರ.”

“ಚುನಾ ನಾಹೀ, ದಾದಾ,” ಸುಣ್ಣವಲ್ಲ ಎಂದ ನಾಮದೇವ.

“ನೀ ಸುಮ್ನಿರಪಾ. ಎಮ್ಮಿ ವಿಷಯದಾಗ ನನ್ನ ಕಣ್ಣ ತಪ್ಪಿದ್ರ, ಇನ್ನ ಮ್ಯಾಲ ದನದ ಬಾಜಾರಕ್ಕ ಕಾಲ ಇಡಾಂಗಿಲ್ಲ. ಆಣಿ!”

ಅಷ್ಟರಲ್ಲಿ ಕಾಡುಕೋಣ ಹಳ್ಳಕ್ಕಿಳಿದು, ಹೊಟ್ಟೆಮಟ್ಟ ನೀರಿನಲ್ಲಿ ನಿಂತು, ಸಾವಕಾಶವಾಗಿ ಕುಡಿದು, ಈಚೆ ದಡ ಹತ್ತಿತು. ಕಾಲುಗಳು ಮೊದಲಿಗಿಂತಲೂ ಬೆಳ್ಳಗೆ ಹೊಳೆಯುತ್ತಿದ್ದವು.

“ಎಣ್ಣಿ ಬಣ್ಣ ಇರಬೇಕು,” ಎಂದರು ಭೀಮಗೊಂಡರು. ದನಿಯಲ್ಲಿ ಜೀವವಿರಲಿಲ್ಲ.

ಆಡಿದ ಮಾತಿಗೆ ಅವರು ತಪ್ಪುವವರಲ್ಲ. ಮೂರು ಬಾಜಾರ ಕಳೆದರೂ ಮನೆ ಬಿಟ್ಟು ಕದಲಲಿಲ್ಲ. ಕೊನೆಗೆ ಬಾಳವ್ವನೇ ನಮ್ಮಲ್ಲಿಗೆ ಓಡಿಬಂದಳು.

“ಮಾಸ್ತರ, ಹೆಂಗರ ಮಾಡಿ ಇವರನ್ನ ಬಾಜಾರಕ್ಕ ಅಟ್ರಿ. ಮನ್ಯಾಗ ಕುಂತು ನನ್ನ ಹಲ್ಲ ಎಣಸಾಕತ್ತಾರ!”

ನಾನು ವ್ಯಾಕರಣದ ಮಾಸ್ತರ. ಹೋಗಿ ಅವರ ಮಗ್ಗುಲಲ್ಲಿ ಕುಳಿತೆ. “ಭೀಮಗೊಂಡಣ್ಣಾ, ನೀವು ಆಣಿ ಮಾಡಿದ್ದು ‘ಎಮ್ಮಿ ವಿಷಯದಾಗ’ ಅಂತ. ಸಪ್ತಮಿ ವಿಭಕ್ತಿ. ಅದು ಎಮ್ಮಿನ ಅಲ್ಲ ಅಂದಮ್ಯಾಲ ಆಣಿ ಹೆಂಗ ಹತ್ತತೈತಿ?”

ಅವರು ಎದ್ದು ತಲೆಗೆ ಪಟಕಾ ಸುತ್ತಿಕೊಂಡು, ಮೂಲೆಯ ಬಡಿಗೆ ಕೈಗೆತ್ತಿಕೊಂಡರು.

“ಅದು ಎಮ್ಮಿ ಅಲ್ಲ ಅಂತ ನಾ ಅಲ್ಲೇ ಹೇಳಲಿಲ್ಲೇನ್ರೀ, ಮಾಸ್ತರ?”

ಬಾಳವ್ವನಿಗೆ ನಗು ತಡೆಯಲಾಗಲಿಲ್ಲ. ಆದರೂ ಗಂಡ ಹೊಸ್ತಿಲು ದಾಟುವವರೆಗೆ ಸೆರಗನ್ನು ಬಾಯಿಗೊತ್ತಿ ಹಿಡಿದಿದ್ದಳು. ಹಲ್ಲು ಮಾತ್ರ ಕಾಣಗೊಡಲಿಲ್ಲ.