ಪೆಡಲ್ ಇಲ್ಲದ ಕಾರು

ಇವತ್ತು ಬೆಳಿಗ್ಗೆ ಉತ್ತರದ ಈ ಹಿಂದಿ ಊರಿನ ಲಂಕಾ ಚೌಕದಲ್ಲಿ ಪೊಲೀಸರು ನನ್ನ ಕಾರು ಹಿಡಿದರು ಕಣ್ರೀ. ಚಿಕ್ಕಂದಿನ ಪೋಲಿಯೋದಿಂದಾಗಿ ನನ್ನ ಕಾಲುಗಳಿಗೆ ಬಲವಿಲ್ಲ. ಅದಕ್ಕೇ ಇಲ್ಲಿಯ ಗ್ಯಾರೇಜ್ ಮಿಸ್ತ್ರಿಯೊಬ್ಬ ಪೆಡಲ್‌ಗಳನ್ನು ಕಿತ್ತು, ಬ್ರೇಕು, ಕ್ಲಚ್ಚು ಎಲ್ಲವನ್ನೂ ಕೈಗೆ ಸಿಗುವ ಸರಳುಗಳಿಗೆ ಜೋಡಿಸಿಕೊಟ್ಟಿದ್ದಾನೆ. ಎಂಟು ವರ್ಷದಿಂದ ಯೂನಿವರ್ಸಿಟಿಗೆ ಪಾಠ ಮಾಡಲು ಅದರಲ್ಲೇ ಹೋಗುತ್ತಿದ್ದೇನೆ. ಆರ್‌ಸಿಯಲ್ಲಿ ಈ ಬದಲಾವಣೆ ಬರೆಸಿರಲಿಲ್ಲ. ಆ ತಪ್ಪು ನನ್ನದೇ.

ದರೋಗಾ, ಅಂದರೆ ಇಲ್ಲಿಯ ಎಸ್‌ಐ, ಬಗ್ಗಿ ನೋಡಿ, "ಪೆಡಲ್ ಕಹಾಂ ಹೈ, ಮೇಡಂ ಜೀ?" ಎಂದು ಪೆಡಲ್ ಹುಡುಕಿದ. ಸರಳುಗಳನ್ನು ಒಂದೊಂದಾಗಿ ತೋರಿಸಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಕಾರನ್ನು ಜಪ್ತಿ ಮಾಡಿದ. ಠಾಣೆಗೆ ಒಯ್ಯಲು ಕೂತ ಪೇದೆಗೆ ಯಾವ ಸರಳು ಎಳೆಯಬೇಕೆಂದೇ ತಿಳಿಯಲಿಲ್ಲ. ಕಾರು ಮೂರು ಸಲ ಎಗರಿ ನಿಂತಿತು. ಸುತ್ತ ಸೇರಿದವರು ಮೊಬೈಲ್ ಹಿಡಿದು ನಕ್ಕರು. ಕೊನೆಗೆ ದರೋಗಾ, "ಆಪ್ ಹೀ ಚಲಾ ಕೇ ಲೇ ಚಲಿಯೇ" ಅಂದ.

ನಾನೇ ಓಡಿಸಿಕೊಂಡು ಹೋದೆ. ಠಾಣೆಯಲ್ಲಿ 'ಓಡಿಸಲು ಯೋಗ್ಯವಲ್ಲದ ವಾಹನ' ಎಂದು ಬರೆದ ಕಾಗದಕ್ಕೆ ಸಹಿಯನ್ನೂ ಹಾಕಿದೆ. ನಾಳೆ ಕ್ಲಾಸಿಗೆ ಹೇಗೆ ಹೋಗುವುದೋ ಗೊತ್ತಿಲ್ಲ.

ಮನೆಗೆ ಬರಲು ಇ-ರಿಕ್ಷಾ ಹತ್ತಿದೆ. ಅದರ ಡ್ರೈವರ್ ಹ್ಯಾಂಡಲ್ ಬಿಟ್ಟು, ಎರಡೂ ಕೈಯಲ್ಲಿ ಖೈನಿ ತಂಬಾಕು ತಿಕ್ಕುತ್ತಲೇ, ಮತ್ತೆ ಚೌಕದಲ್ಲಿ ನಿಂತಿದ್ದ ಅದೇ ದರೋಗಾನ ಮುಂದೆ ಹಾದುಹೋದ. ಯಾರೂ ತಡೆಯಲಿಲ್ಲ. ಅವನ ಗಾಡಿಗೆ ಕಾಲಡಿ ಪೆಡಲ್ ಇತ್ತು.