ಸಿಯೆನಿಯ ನೀಲಿ ಪಿಕಪ್

ಹತ್ತೊಂಬತ್ತು ವರ್ಷ ಸಿಯೆನಿ ಪಾಗೋ ಪಾಗೋದ ಮೀನು ಕಾರ್ಖಾನೆಯಲ್ಲಿ ನಿಂತೇ ಕೆಲಸ ಮಾಡಿದಳು. ಬೇಯಿಸಿದ ಮೀನು ಸಾಲುಸಾಲಾಗಿ ಬರುತ್ತಿತ್ತು. ಚರ್ಮ ಸುಲಿದು, ಮುಳ್ಳು ತೆಗೆದು, ಬಿಳಿ ಮಾಂಸ ಒಂದು ಕಡೆ, ಕಪ್ಪು ಮಾಂಸ ಇನ್ನೊಂದು ಕಡೆ ಹಾಕಬೇಕು. ಬೆರಳ ತುದಿಗಳು ಮರಗಟ್ಟಿ ಹೋಗಿದ್ದವು. ಆ ದ್ವೀಪ ಅಮೆರಿಕದ್ದು, ಅವಳ ಊರು ಗಡಿಯಾಚೆ ಸಮೋವಾದ್ದು. ಭಾಷೆ ಒಂದೇ, ಹಾಡು ಒಂದೇ, ಬಾವುಟ ಮಾತ್ರ ಬೇರೆ. ಆದರೂ ಸ್ಥಳೀಯನೊಬ್ಬ ಜಾಮೀನು ನಿಂತರೆ ಮಾತ್ರ ಅಲ್ಲಿರಲು ಪರವಾನಗಿ. ಒಮ್ಮೆ ಬಿಟ್ಟು ಹೋದರೆ ಮತ್ತೆ ಸಿಗುವುದು ಅಷ್ಟು ಸುಲಭವಲ್ಲ.

ಮದುವೆ ಆಗಲಿಲ್ಲ. ತಮ್ಮ ಲಫಾಯೆಲೆಯ ಅಂಗಡಿಗೆ ತಗಡಿನ ಚಾವಣಿ, ಅವನ ಮಕ್ಕಳ ಶಾಲೆಯ ಬಟ್ಟೆ, ಅಮ್ಮನ ಶವಸಂಸ್ಕಾರ, ಎಲ್ಲಕ್ಕೂ ಅವಳ ಕೈಯೇ ಆಸರೆಯಾಗಿತ್ತು. ಅಷ್ಟು ವರ್ಷಗಳಲ್ಲಿ ಅವಳನ್ನು ಯಾರೂ ಮನೆಗೆ ಬಾ ಎಂದಿರಲಿಲ್ಲ. ಹಾಗಾಗಿ ಒಂದು ಈಸ್ಟರ್ ಕಳೆದ ವಾರ ಲಫಾಯೆಲೆ ಫೋನು ಮಾಡಿದಾಗ ಅವಳಿಗೆ ಮೊದಲು ಯಾರೋ ಸತ್ತಿರಬೇಕು ಅನಿಸಿತು.

"ಅಕ್ಕಾ, ಮೀನು ಸುಲಿದಿದ್ದು ಸಾಕು. ಮನೆಗೆ ಬಂದುಬಿಡು. ಮನೆ ಹೆಣ್ಣುಮಗಳಿಲ್ಲದೆ ಮನೆ ಮನೆ ಥರ ಇಲ್ಲ."

ಸಿಯೆನಿ ಫೋನನ್ನು ಕಿವಿಗೆ ಒತ್ತಿಕೊಂಡಳು. "ನಿಜವಾಗ್ಲೂ ಹೇಳ್ತಿದ್ದೀಯಾ?"

"ದೇವರಾಣೆ. ಇನ್ನೊಂದು ವಿಷಯ. ಬರುವಾಗ ಒಂದು ಗಾಡಿ ತಗೊಂಡು ಬಾ. ಹಳೇದಾದ್ರೂ ಪರವಾಗಿಲ್ಲ. ಕಾಯಮ್ಮಾಗಿ ವಾಪಸ್ ಬರೋರಿಗೆ ಸುಂಕ ಇಲ್ಲವಂತೆ. ಆದ್ರೆ ಒಂದು ವರ್ಷ ಅಲ್ಲಿ ನಿನ್ನ ಹೆಸರಲ್ಲೇ ಇರ್ಬೇಕಂತೆ."

ಮೇಸ್ತ್ರಿಯೊಬ್ಬನ ಹದಿಮೂರು ವರ್ಷದ ನೀಲಿ ಪಿಕಪ್ ಕೊಂಡಳು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಾರ್ಖಾನೆಯ ಖಾಲಿ ಅಂಗಳದಲ್ಲಿ ಓಡಿಸಲು ಕಲಿತಳು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಬಾರಿ ಕೂತು ಮಾಡುವ ಕೆಲಸವೊಂದು ಅವಳ ಪಾಲಿಗೆ ಬಂದಿತ್ತು. ಕೆಲಸದ ಗೆಳತಿಯರು ಹಿಂದೆ ಹತ್ತಿ ಕೂತು, "ಅಯ್ಯೋ ಸಿಯೆನಿ, ಸಮುದ್ರಕ್ಕೆ ಇಳಿಸಬೇಡ್ವೇ, ಮೀನುಗಳು ಸೇಡು ತೀರಿಸ್ಕೋತಾವೆ!" ಎಂದು ಕೂಗುತ್ತಿದ್ದರು. ಅವಳು ನಗುತ್ತಲೇ ಬ್ರೇಕು ಒತ್ತುತ್ತಿದ್ದಳು.

ವರ್ಷ ತುಂಬಿತು. ಕೆಲಸ ಬಿಟ್ಟಳು, ಪರವಾನಗಿ ರದ್ದಾಯಿತು. ಪಿಕಪ್ಪಿನ ಜೊತೆ ಹಡಗು ಹತ್ತಿ ಸಮೋವಾದ ಆಪಿಯಾ ಬಂದರಿನಲ್ಲಿ ಇಳಿದಳು. ಲಫಾಯೆಲೆ ಹೂವಿನ ಹಾರ ಹಿಡಿದು ನಿಂತಿದ್ದ. ಅವಳನ್ನು ತಬ್ಬಿದ, ತಬ್ಬಿಕೊಂಡೇ ಅವಳ ಭುಜದ ಮೇಲಿನಿಂದ ಪಿಕಪ್ಪಿನ ಟೈರು ನೋಡಿದ.

ಸುಂಕದ ಕಚೇರಿಯಲ್ಲಿ ಕನ್ನಡಕದ ಅಧಿಕಾರಿಣಿಯೊಬ್ಬಳು ನಿಯಮ ಓದಿದಳು. "ಎರಡು ವರ್ಷ ಗಾಡಿ ಮಾರೋ ಹಾಗಿಲ್ಲ. ಬೇರೆಯವರ ಹೆಸರಿಗೆ..."

"ಮಾಡೋ ಹಾಗಿಲ್ಲ. ಮಾಲೀಕರು ದೇಶ ಬಿಟ್ಟು ಹೋಗಿ ನೆಲೆಸೋ ಹಾಗೂ ಇಲ್ಲ" ಎಂದು ಲಫಾಯೆಲೆಯೇ ಮುಗಿಸಿದ.

ಅಧಿಕಾರಿಣಿ ತಲೆ ಎತ್ತಿ ಅವನನ್ನು ನೋಡಿದಳು. ಗುರುತು ಹತ್ತಿತು. "ನೀವೇ ಅಲ್ವಾ, ಹೋದ ವರ್ಷ ಈಸ್ಟರ್‌ಗೆ ಮುಂಚೆ ಕೇಳ್ಕೊಂಡು ಬಂದಿದ್ದು? ಅಕ್ಕ ಬರಲೇಬೇಕಾ, ಗಾಡಿ ಮಾತ್ರ ಬಂದ್ರೆ ಆಗಲ್ವಾ ಅಂತ?" ಒಳ್ಳೆಯ ಮನಸ್ಸಿನಿಂದಲೇ ನಕ್ಕಳು. "ನೋಡಿ, ಕೊನೆಗೂ ಅಕ್ಕ ಬಂದ್ರು."

ಲಫಾಯೆಲೆ ಕೂಡ ನಕ್ಕ. ಅಧಿಕಾರಿಣಿ ತೋರಿಸಿದ ಕಡೆ ಸಿಯೆನಿ ಸಹಿ ಹಾಕಿದಳು. ಕೊರಳ ಹಾರದ ಹೂವುಗಳು ಕಾಗದಕ್ಕೆ ತಾಗುತ್ತಿದ್ದವು.

ಊರಿನಲ್ಲಿ ಅವಳಿಗೆ ಯಾವ ಕೊರತೆಯೂ ಆಗಲಿಲ್ಲ. ಅಲ್ಲಿ ತಮ್ಮಂದಿರ ಪಾಲಿಗೆ ಅಕ್ಕ ಎಂದರೆ ಪೂಜ್ಯಳು. ಲಫಾಯೆಲೆ ಆ ಗೌರವದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಮನೆಯಲ್ಲಿದ್ದ ಅತಿ ನಯವಾದ ಚಾಪೆ ಅವಳಿಗೆ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ಮೊದಲ ತಟ್ಟೆ ಅವಳಿಗೆ. ಭಾನುವಾರ ಚರ್ಚಿಗೆ ಹೋಗುವಾಗ ಪಿಕಪ್ಪಿನ ಮುಂದಿನ ಸೀಟು ಅವಳಿಗೆ. ಓಡಿಸುವವನು ಮಾತ್ರ ಅವನು. ಬೀಗದ ಕೈ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ಮೊಳೆಗೆ ತೂಗುತ್ತಿತ್ತು.

ಒಮ್ಮೆ ಅದನ್ನು ತೆಗೆದುಕೊಂಡು ಗಾಡಿ ಶುರು ಮಾಡಿದಳು. ತಿರುವಿನವರೆಗೂ ಹೋಗಿರಲಿಲ್ಲ, ಲಫಾಯೆಲೆ ಓಡಿಬಂದು ಅಡ್ಡ ನಿಂತ.

"ಇಳಿ ಅಕ್ಕಾ! ನಾನಿನ್ನೂ ಬದುಕಿರುವಾಗ ಅಕ್ಕ ಸ್ಟೀರಿಂಗ್ ಹಿಡಿದ್ರೆ ಊರೋರು ನನ್ನ ಮುಖಕ್ಕೆ ಉಗೀತಾರೆ."

"ಗಾಡಿ ನಂದು ಕಣೋ."

"ನಿಂದೇ, ಯಾರಿಲ್ಲ ಅಂದ್ರು? ಅದಕ್ಕೇ ನಿನ್ನ ಕೂರಿಸ್ಕೊಂಡು ಓಡಾಡಿಸ್ತಿರೋದು."

ಎಲ್ಲಿಗೆ ಹೋಗಬೇಕೆಂದರೂ ಅವನು ಕರೆದುಕೊಂಡು ಹೋಗಬೇಕು. ಅವನಿಗೋ ಯಾವತ್ತೂ ಪುರುಸೊತ್ತಿಲ್ಲ. ಪಿಕಪ್ಪು ಹಿಟ್ಟಿನ ಮೂಟೆ ಹೊರುತ್ತಿತ್ತು, ಕೆಸುವಿನ ಗಡ್ಡೆ ಹೊರುತ್ತಿತ್ತು. ಸಿಯೆನಿ ಚಾಪೆಯ ಮೇಲೆ ಕೂತಿರುತ್ತಿದ್ದಳು. ತಮ್ಮನ ಹೆಂಡತಿ ಇಸಾಪೆಲಾ ಬಾಯಲ್ಲಿ "ಅತ್ತಿಗೆ" ಎನ್ನುತ್ತಲೇ ಕ್ಯಾಲೆಂಡರಿನಲ್ಲಿ ತಿಂಗಳು ದಾಟಿದಾಗಲೆಲ್ಲ ಒಂದು ಗೆರೆ ಎಳೆಯುತ್ತಿದ್ದಳು. ಯಾಕೆಂದು ಸಿಯೆನಿ ಕೇಳಲಿಲ್ಲ.

ಎರಡು ವರ್ಷ ತುಂಬಿದ ಮರುದಿನವೇ ಲಫಾಯೆಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ. "ಆಪಿಯಾಗೆ ಹೋಗ್ಬೇಕು ಅಕ್ಕಾ. ಒಂದು ಸಣ್ಣ ಸಹಿ."

ಗಾಡಿ ಮಾಲೀಕರ ಹೆಸರು ಬದಲಾಯಿಸುವ ಕಚೇರಿಯಲ್ಲಿ ಬೆಂಚುಗಳ ತುಂಬ ಜನ. ಗುಮಾಸ್ತ ಅರ್ಜಿ ನೋಡಿ ರೂಢಿಯಂತೆ ಕೇಳಿದ: "ನಿಮ್ಮ ಇಷ್ಟದಿಂದಲೇ ತಮ್ಮನಿಗೆ ಕೊಡ್ತಿದ್ದೀರಾ ಅಮ್ಮ?"

"ಇಲ್ಲ" ಎಂದಳು ಸಿಯೆನಿ.

ಲಫಾಯೆಲೆ ಬಗ್ಗಿ ಕಿವಿಯಲ್ಲಿ ಅಂದ, "ಏನಕ್ಕಾ ಇದು? ಜನ ನೋಡ್ತಿದ್ದಾರೆ."

"ನೋಡ್ಲಿ. ಒಂದು ಮಾತು ಹೇಳು. ಗಾಡಿ ಒಂದೇ ಬರೋ ಹಾಗಿದ್ದಿದ್ರೆ ನನ್ನ ಕರೀತಿದ್ಯಾ?"

"ಕರೀತಿದ್ದೆ... ಯಾವಾಗಲಾದ್ರೂ."

ಸಿಯೆನಿ ಕೈ ಚಾಚಿದಳು. "ಕೀ ಕೊಡು. ಅಕ್ಕ ಕೇಳ್ತಿದ್ದಾಳೆ."

ಅಷ್ಟು ಜನರೆದುರು ಅಕ್ಕನಿಗೆ ಇಲ್ಲ ಎನ್ನುವ ಗಂಡಸು ಆ ದೇಶದಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ಅವನು ಕೊಟ್ಟ. ಅವಳು ಊರಿಗೆ ಮರಳಲಿಲ್ಲ. ಅವನು ಬಸ್ಸಿನಲ್ಲಿ ಮರಳಿದ.

ಅವಳು ಆಪಿಯಾದ ಮಾರುಕಟ್ಟೆಯ ಹಿಂದೆ ಒಂದು ಕೋಣೆ ಹಿಡಿದು, ಮಾರುವ ಹೆಂಗಸರ ಬುಟ್ಟಿಗಳನ್ನು ಸಾಗಿಸಿ ಹೊಟ್ಟೆ ಹೊರೆದಳು. ಗೆದ್ದೆ ಅಂತ ಅವಳಿಗೆ ಒಂದು ದಿನವೂ ಅನಿಸಲಿಲ್ಲ. ಕ್ರಿಸ್ಮಸ್‌ಗೆ ಕರೆ ಬರಲಿಲ್ಲ. ಲಫಾಯೆಲೆಯ ಮಗಳ ಮದುವೆಯಾದದ್ದು ಟೊಮೇಟೊ ಮಾರುವವಳೊಬ್ಬಳ ಬಾಯಿಂದ ತಿಳಿಯಿತು. ಆ ಮಗಳ ಶಾಲೆಯ ಬಟ್ಟೆಯ ಅಳತೆ ಸಿಯೆನಿಗೆ ಇನ್ನೂ ನೆನಪಿತ್ತು.

ಒಂದು ಮಧ್ಯಾಹ್ನ ಪೂರ್ವದ ಕರಾವಳಿ ರಸ್ತೆಯಲ್ಲಿ ಅವನು ಕಂಡ. ಸುಡು ಬಿಸಿಲು. ಹಿಟ್ಟಿನ ಮೂಟೆ ಕಾಲಬಳಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ಅವಳು ನಿಲ್ಲಿಸಿ ಬಾಗಿಲು ತೆರೆದಳು.

"ಹತ್ತು. ಊರವರೆಗೆ ಬಿಡ್ತೀನಿ."

ಅವನು ಸಮುದ್ರದ ಕಡೆ ನೋಡಿದ. "ಬಸ್ಸು ಬರುತ್ತೆ."

"ಮೂಟೆನಾದ್ರೂ ಹಾಕು, ತಮ್ಮಾ."

"ಬಸ್ಸು ಬರುತ್ತೆ ಅಂದ್ನಲ್ಲ."

ಅವಳು ಬಾಗಿಲು ಎಳೆದುಕೊಂಡಳು. ಅವರಿಬ್ಬರೂ ಮಾತಾಡಿದ್ದು ಅದೇ ಕೊನೆ.

ಮುಂದಿನ ವರ್ಷ ಉಪ್ಪುಗಾಳಿಗೆ ಪಿಕಪ್ಪಿನ ತಳ ಉದುರಿಹೋಯಿತು. ಗುಜರಿಯವನು ಬಂದು ಎಳೆದುಕೊಂಡು ಹೋದ. ಪಾಗೋ ಪಾಗೋದ ಕಾರ್ಖಾನೆಗೆ ಕಾಗದ ಬರೆಸಿದಳು. ಜಾಮೀನು ನಿಲ್ಲಲು ಯಾರೂ ಸಿಗಲಿಲ್ಲ. ಸಿಯೆನಿ ಈಗ ಅದೇ ಮಾರುಕಟ್ಟೆಯಲ್ಲಿ ದೀವಿ ಹಲಸು ಮಾರುತ್ತಾಳೆ, ದಿನವಿಡೀ ನಿಂತುಕೊಂಡು.