ಅಕ್ಕ ಹೇಳಿದ ತಿರುವುಗಳು

"ಲೇ, ನಾಳೆ ಗಾಡಿ ಖಾಲಿ ಐತೇನ್ಲಾ?"

ಫೋನಿನಲ್ಲಿ ಅಕ್ಕನ ದನಿ! ನಾನು ನಂಜನಗೂಡಿನ ಮಂಡಿಯಲ್ಲಿ ನನ್ನ ಗೂಡ್ಸ್ ಆಟೊದಿಂದ ಬಾಳೆಗೊನೆ ಇಳಿಸುತ್ತಿದ್ದೆ. ಹೆಗಲ ಮೇಲಿದ್ದ ಗೊನೆಯನ್ನು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಮರುದಿನಕ್ಕೆ ಲೋಡು ಒಪ್ಪಿಕೊಂಡಿದ್ದೆ. ಆದರೂ "ಖಾಲಿ ಐತಕ್ಕ, ಪೂರಾ ಖಾಲಿ" ಎಂದುಬಿಟ್ಟೆ.

"ಬಾಡಿಗೆ ಮನೆ ಮಾಡಿವ್ನಿ. ಸಾಮಾನು ಸಾಗಿಸ್ಬೇಕು. ಗಾಡಿ ಬಾಡಿಗೆ ಕೊಡ್ತೀನಿ."

"ಬಾಡಿಗೆ ಗೀಡಿಗೆ ಅಂದ್ರೆ ಬರಕಿಲ್ಲ ನೋಡು."

"ಬರ್ದಿದ್ರೆ ಬ್ಯಾಡ, ಬ್ಯಾರೆ ಗಾಡಿ ನೋಡ್ಕತೀನಿ."

"ಅಯ್ಯೋ, ಬತ್ತೀನಿ ಕಣಕ್ಕ! ಯಾವೂರ್ಗೆ?"

"ಅದ್ನ ದಾರೀಲಿ ಯೋಳ್ತೀನಿ."

ಸ್ವಂತ ತಮ್ಮನಿಗೆ ಅವಳು ಊರಿನ ಹೆಸರು ಯಾಕೆ ಹೇಳಲಿಲ್ಲ ಎನ್ನುವುದನ್ನು ಹೇಳದೆ ನಾನು ಮುಂದೆ ಹೋಗುವಂತಿಲ್ಲ.

ಭಾವ ಹೊಡೆಯುತ್ತಾನೆಂದು ಅಕ್ಕ ಒಮ್ಮೆ ಮನೆ ಬಿಟ್ಟು ಬಂದಿದ್ದಳು. ತಲಕಾಡಿನ ಚಿಕ್ಕಮ್ಮನ ಮನೆಗೆ ಅವಳನ್ನು ಬಿಟ್ಟು ಬಂದವನು ನಾನೇ. ಬೇರೆ ಯಾರಿಗೂ ಗೊತ್ತಿರಲಿಲ್ಲ. ವಾರದೊಳಗೆ ಭಾವ ಮಂಡಿಗೆ ಬಂದ. ಮಕ್ಕಳ ಹಾಗೆ ಅತ್ತ. ನನ್ನನ್ನು ದೇವಸ್ಥಾನಕ್ಕೆ ಎಳೆದುಕೊಂಡು ಹೋಗಿ ಕಲ್ಲಿನ ಮೇಲೆ ಕರ್ಪೂರ ಹಚ್ಚಿ, ಉರಿಯುತ್ತಿದ್ದುದನ್ನು ಅಂಗೈಯಲ್ಲೇ ಒತ್ತಿ ಆರಿಸಿ, "ಇನ್ ಅವಳ್ ಮೇಲೆ ಕೈ ಎತ್ತಿದ್ರೆ ನಂಜುಂಡೇಶ್ವರ ನೋಡ್ಕಳ್ಲಿ" ಎಂದು ಆಣೆ ಮಾಡಿದ. ಕರ್ಪೂರ ಆರಿಸಿದವನು ಸುಳ್ಳಾಡುವುದಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನು ಓದಿರುವುದು ಏಳನೇ ಕ್ಲಾಸು, ಆದರೆ ತಪ್ಪನ್ನು ಅದರ ತಲೆಗೆ ಕಟ್ಟುವುದಿಲ್ಲ. ನನಗಿಂತ ದೊಡ್ಡವನೊಬ್ಬ ನನ್ನ ಮುಂದೆ ನಿಂತು ಅಳುತ್ತಿದ್ದಾನೆ, ಒಂದು ಸಂಸಾರ ನನ್ನ ಮಾತಿನಿಂದ ಕೂಡಿಕೊಳ್ಳುತ್ತದೆ ಎಂದು ಒಳಗೇ ಉಬ್ಬಿಹೋದೆ. ಊರು ಹೇಳಿದ್ದಷ್ಟೇ ಅಲ್ಲ, ನನ್ನ ಗಾಡಿಯಲ್ಲೇ ಅವನನ್ನು ತಲಕಾಡಿಗೆ ಕರೆದುಕೊಂಡು ಹೋದೆ.

ಬಾಗಿಲು ತೆರೆದ ಅಕ್ಕ ಗಂಡನ ಮುಖ ನೋಡಲಿಲ್ಲ. ಅವನ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು.

ಅವನ ಜೊತೆ ವಾಪಸ್ ಹೋದ ಹದಿನೈದು ದಿನಕ್ಕೆ ಅವಳ ಎಡಗೈ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯ ನರ್ಸಮ್ಮ ಮಹಿಳಾ ಸಹಾಯವಾಣಿಗೆ ಫೋನು ಮಾಡಿದರು. ಅಲ್ಲಿಂದ ಜೀಪು ಬಂದು, ಅಕ್ಕನನ್ನು ಯಾವುದೋ ಆಶ್ರಯ ಮನೆಗೆ ಕರೆದುಕೊಂಡು ಹೋಯಿತು. ವಿಳಾಸ ಕೇಳಲು ಅವರ ಆಫೀಸಿಗೆ ಹೋದೆ.

"ನಿಮ್ಮಕ್ಕ ಚೆನ್ನಾಗವ್ರೆ. ಎಲ್ಲವ್ರೆ ಅಂತ ಹೇಳೋಕಾಗಲ್ಲ" ಎಂದರು ಅಲ್ಲಿನ ಮೇಡಮ್.

"ನಾನೇನ್ ಗಂಡನಾ ಮೇಡಮ್? ತಮ್ಮ!"

"ಗೊತ್ತು. ನಿಮಗಂತೂ ಹೇಳ್ಲೇಬಾರ್ದು ಅಂದವ್ರೆ ಅವ್ರೇ."

ಆ ದಿನ ಅವರಿಗೆಲ್ಲ ಬೈದು ಬಂದೆ. ಆಮೇಲಾಮೇಲೆ ಹೋಗಿ ಬಾಳೆಹಣ್ಣು ಕೊಟ್ಟು ಬರುತ್ತಿದ್ದೆ. ಹಣ್ಣು ತಲುಪುತ್ತಿತ್ತು. ಅಕ್ಕ ಅಲ್ಲಿ ಹೊಲಿಗೆ ಕಲಿತಳು, ಗಂಡ ಹತ್ತಿರ ಸುಳಿಯಬಾರದೆಂದು ಕೋರ್ಟಿನಿಂದ ಆರ್ಡರ್ ಬಂತು ಎನ್ನುವುದೆಲ್ಲ ಮೇಡಮ್ ಬಾಯಿಂದಲೇ ತಿಳಿಯುತ್ತಿತ್ತು.

ಇಂಥ ಅಕ್ಕ ಗಾಡಿ ಕೇಳಿದರೆ ಹೇಗಿರಬೇಡ! ಬಾಳೆಯ ಕಲೆ ಹೋಗುವ ತನಕ ಗಾಡಿ ಉಜ್ಜಿದೆ. ಚೆಂಡುಹೂವಿನ ಹಾರ ಹಾಕಿದೆ.

ಬೆಳಿಗ್ಗೆ ಸಹಾಯವಾಣಿಯ ಆಫೀಸಿನ ಮುಂದೆ ಅಕ್ಕ ನಿಂತಿದ್ದಳು. ದಪ್ಪಗಾಗಿದ್ದಳು! ಒಂದು ಟ್ರಂಕು, ಹೊಲಿಗೆ ಮಿಷನ್, ಗ್ಯಾಸ್ ಒಲೆ, ಎರಡು ಚಾಪೆ, ಬಕೆಟ್ಟು. ಮಣಿಕಟ್ಟು ಕೊಂಚ ಸೊಟ್ಟಗಿದ್ದರೂ ಮಿಷನ್ನಿನ ಒಂದು ಕಡೆ ತಾನೇ ಹಿಡಿದು ಎತ್ತಿದಳು. ಹಾರ ನೋಡಿ, "ಇದೇನ್ಲಾ, ಗಾಡಿಗೆ ಮದ್ವೆನಾ?" ಎಂದಳು.

ನಾನು ನಕ್ಕೆ. ಹೊರಟೆವು. ಅವಳು ದಾರಿಯನ್ನು ಒಂದೊಂದೇ ತಿರುವು ಹೇಳುತ್ತಿದ್ದಳು. "ಈಗ ನ್ಯಾರ ಓಗು." "ಎಡಕ್ಕೆ ತಕ್ಕೊ." ಮುಂದಿನದು ಏನೆಂದು ಕೇಳಿದರೆ, "ಬಂದಾಗ ಯೋಳ್ತೀನಿ." ಗದ್ದೆಗಳ ಮೇಲಿಂದ ಗಾಳಿ ಬರುತ್ತಿತ್ತು, ಹಿಂದೆ ಬಕೆಟ್ಟು ಕುಣಿಯುತ್ತಿತ್ತು, ನಾನು ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತಿದ್ದೆ. ಟಿ. ನರಸೀಪುರದಲ್ಲಿ ಟೀ ಕುಡಿದು ಬೋಂಡ ತಿಂದೆವು.

"ಇದೇ ಊರಾ ಅಕ್ಕ?"

"ಬೋಂಡ ತಿನ್ನು."

ಅಲ್ಲಿಂದ ಮುಂದೆ ಎಡ, ಬಲ, ಮತ್ತೆ ಎಡ. ಸ್ವಲ್ಪ ಹೊತ್ತಿನಲ್ಲಿ ಅದೇ ಪೆಟ್ರೋಲ್ ಬಂಕ್ ಎರಡನೇ ಸಲ ಎದುರು ಬಂತು. ನನ್ನ ತಲೆ ಕೆಡಿಸಲೆಂದೇ ಸುತ್ತಿಸುತ್ತಿದ್ದಾಳೆ! ಬೇರೆಯವರಾಗಿದ್ದರೆ ಡೀಸೆಲ್ ನಿಮ್ಮಪ್ಪ ಕೊಡ್ತಾನಾ ಎಂದು ಜಗಳಕ್ಕೆ ಬೀಳುತ್ತಿದ್ದೆ. ಅವತ್ತು ಇನ್ನೂ ಹತ್ತು ಸುತ್ತು ಸುತ್ತಿಸಿದ್ದರೂ ಅಕ್ಕ ಪಕ್ಕದಲ್ಲಿ ಕೂತಿದ್ದಾಳಲ್ಲ ಎಂದು ಸುತ್ತುತ್ತಿದ್ದೆ.

ಕೊನೆಗೆ ಒಂದು ಅರಳಿಕಟ್ಟೆಯ ಹತ್ತಿರ ನಿಲ್ಲಿಸಿದಳು. ಅದು ಯಾವ ಊರೋ ತಿಳಿಯಲಿಲ್ಲ; ಅಷ್ಟು ಸುತ್ತಿದ ಮೇಲೆ ದಿಕ್ಕೂ ತಪ್ಪಿತ್ತು, ನಾನು ಬೋರ್ಡೂ ನೋಡಲಿಲ್ಲ. ತಳ್ಳುಗಾಡಿ ಹಿಡಿದು ಒಬ್ಬ ಹೆಂಗಸು ಕಾಯುತ್ತಿದ್ದಳು. ಆಶ್ರಯ ಮನೆಯಲ್ಲಿ ಅಕ್ಕನ ಜೊತೆಗಿದ್ದವಳು, ಈಗ ಇಬ್ಬರೂ ಸೇರಿ ಮನೆ ಮಾಡಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ನೇನಾ ಕರ್ಪೂರ ಕಂಡು ಕರಗ್ದೋನು?" ಎಂದಳು.

ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೆ ಕಿವಿ ಬಿಸಿಯಾಯಿತು, ಆದರೆ ಆ ನಗು ಕೇಳಿ ಎಷ್ಟು ಕಾಲವಾಗಿತ್ತು!

ಸಾಮಾನು ತಳ್ಳುಗಾಡಿಗೆ ಹಾಕಿ ಕೇಳಿದೆ: "ಮಿಷನ್ ಭಾರ ಐತಕ್ಕ. ಬಾಗ್ಲುಗಂಟ ತಳ್ಕೊಡ್ತೀನಿ. ಒಳೀಕೆ ಬರಕಿಲ್ಲ."

"ಇಲ್ಲೀಗಂಟ ತಂದ್ಯಲ್ಲ, ಸಾಕು."

"ಇನ್ನೂ ನನ್ ಮೇಲೆ ನಂಬ್ಕೆ ಇಲ್ವಾ?"

ಅವಳು ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. "ನಿನ್ ಮೇಲೆ ಪ್ರೀತಿ ಐತೆ ಕಣ್ಲಾ. ಆದ್ರೆ ನಿನ್ ಮುಂದೆ ಯಾರಾರಾ ಅತ್ರೆ ನೀನು ತಡ್ಕಳಕಿಲ್ಲ. ಮೊದ್ಲು ನೀನು ಗಾಡಿ ತಿರುಗಿಸ್ಕೊಂಡು ಓಗು. ಆಮೇಲೆ ನಾವು ಒಂಟೋಯ್ತೀವಿ."

ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಗಾಡಿ ತಿರುಗಿಸಿದೆ. ಅವರು ಯಾವ ಬೀದಿಗೆ ತಿರುಗುತ್ತಾರೋ ಕಾಣದಿರಲಿ ಎಂದು ಪಕ್ಕದ ಕನ್ನಡಿಯನ್ನು ಒಳಕ್ಕೆ ಮಡಚಿದೆ. ಹಿಂದಿನಿಂದ ಆ ಹೆಂಗಸು "ಪರವಾಗಿಲ್ಲ ಕಣೇ ನಿನ್ ತಮ್ಮ!" ಎಂದು ಕೂಗಿದ್ದು ಕೇಳಿಸಿತು.

ತಿಂಗಳೊಳಗೆ ಭಾವ ಮಂಡಿಗೆ ಬಂದ. ಗೋಣಿಚೀಲದ ಮೇಲೆ ಕೂತು ಅತ್ತ. "ನೀನೇ ಸಾಮಾನು ಸಾಗ್ಸಿದ್ದಂತೆ. ಎಲ್ಲವ್ಳೆ ಯೋಳೋ."

"ಗೊತ್ತಿಲ್ಲ ಭಾವ."

ನನ್ನ ಕಣ್ಣನ್ನೇ ನೋಡಿದ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವನಿಗೆ ಗೊತ್ತು. ಅವನ ಅಳು ಕಂಡು ನನ್ನ ಕರುಳು ಅವತ್ತೂ ಚುರುಕ್ಕೆಂದಿತು. ಗೊತ್ತಿದ್ದರೆ ಏನು ಮಾಡುತ್ತಿದ್ದೆನೋ. ಆದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಕಣ್ಣು ಒರೆಸಿಕೊಂಡು, ಬೈಯುತ್ತಾ ಎದ್ದು ಹೋದ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿಹೋಗಿ ಫೋನು ಮಾಡಿದೆ.

"ಅಕ್ಕ, ಭಾವ ಬಂದಿದ್ದ! ನಂಗೇನೂ ಗೊತ್ತಿರ್ನಿಲ್ಲ ಕಣಕ್ಕ!"

ಆ ಕಡೆ ಮಿಷನ್ನು ಓಡುತ್ತಿದ್ದ ಸದ್ದು ನಿಂತಿತು.

"ಅತ್ನಾ?"

"ಅತ್ತ."

"ನೀನು?"

"ನಾನೂ ಸ್ವಲ್ಪ ಅತ್ತೆ. ಆದ್ರೂ ಗೊತ್ತಿರ್ನಿಲ್ಲ!"

ಅಕ್ಕ ನಕ್ಕಳು. ಮಿಷನ್ನು ಮತ್ತೆ ಓಡತೊಡಗಿತು.